ಲಾರಿ ಇಂಜಿನ್‌ನ ಇಜಿಆರ್ ತೊಂದರೆ: ಹೊಸ ವಾಲ್ವ್ ಹಾಕಿಸುವ ಮುನ್ನ

ಏರು ಬಂದರೆ ಲಾರಿ ಎಳೆಯುತ್ತಿಲ್ಲ. ಡೀಸೆಲ್ ಜಾಸ್ತಿ ಕುಡಿಯುತ್ತಿದೆ. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿದ್ದು ಆರುತ್ತಲೇ ಇಲ್ಲ. ಮೆಕ್ಯಾನಿಕ್ ಸ್ಕ್ಯಾನರ್ ಸಿಕ್ಕಿಸಿ ನೋಡಿ, "ಇಜಿಆರ್ ಹೋಗಿದೆ, ವಾಲ್ವ್ ಬದಲಿಸಬೇಕು" ಅನ್ನುತ್ತಾರೆ. ಹೊಸ ವಾಲ್ವ್ ಬಂತು, ಕೆಲವು ದಿನ ಎಲ್ಲ ಸರಿ. ಆಮೇಲೆ ಅದೇ ದೀಪ, ಸ್ಕ್ಯಾನರ್‌ನಲ್ಲಿ ಅದೇ ದೋಷದ ಸಂಖ್ಯೆ, ಅಂದರೆ ಕೋಡ್.

ಲಾರಿ ಇಟ್ಟುಕೊಂಡವರಿಗೆ ಈ ಕತೆ ಹೊಸದೇನಲ್ಲ. ಇಜಿಆರ್ ಎಂಬ ಹೆಸರು ಎಲ್ಲರೂ ಕೇಳಿರುತ್ತಾರೆ. ಅದು ಇಂಜಿನ್ ಒಳಗೆ ಏನು ಮಾಡುತ್ತದೆ ಎಂದು ಮಾತ್ರ ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ. ಅಷ್ಟು ತಿಳಿದಿದ್ದರೆ ವಾಲ್ವ್ ನಿಜಕ್ಕೂ ಕೆಟ್ಟಿದೆಯೋ, ಬೇರೆ ಯಾವುದೋ ಭಾಗದ ತಪ್ಪಿಗೆ ಅದು ಸಿಕ್ಕಿಹಾಕಿಕೊಂಡಿದೆಯೋ ಎಂದು ಕೇಳಬಹುದು. ಎರಡನೆಯದೇ ಆಗಿರುವ ಸಂದರ್ಭಗಳು ಕಡಿಮೆಯೇನಲ್ಲ.

ಬಿಟ್ಟ ಹೊಗೆಯನ್ನು ಮತ್ತೆ ಏಕೆ ಕುಡಿಸುತ್ತಾರೆ?

ಇಂಜಿನ್ ಉರಿದು ಹೊರಗೆ ಬಿಡುವ ಹೊಗೆಯಲ್ಲಿ ಸ್ವಲ್ಪ ಭಾಗವನ್ನು ತಿರುಗಿಸಿ, ಒಳಗೆ ಹೋಗುವ ಗಾಳಿಗೆ ಬೆರೆಸುವ ವ್ಯವಸ್ಥೆಗೆ ಇಜಿಆರ್ ಎನ್ನುತ್ತಾರೆ. ಕೇಳಿದ ಕೂಡಲೇ ವಿಚಿತ್ರ ಅನಿಸುತ್ತದೆ, ಅಲ್ವಾ? ಹೊರಗೆ ಹಾಕಿದ ಕಸವನ್ನು ಮನೆಯೊಳಗೆ ತಂದುಕೊಂಡ ಹಾಗೆ.

ಕಾರಣ ಶಾಖ. ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು 78 ಭಾಗ ನೈಟ್ರೋಜನ್, 21 ಭಾಗ ಆಮ್ಲಜನಕ. ಸಾಮಾನ್ಯವಾಗಿ ಇವೆರಡೂ ಒಂದರ ಗೊಡವೆಗೆ ಇನ್ನೊಂದು ಹೋಗುವುದಿಲ್ಲ. ಆದರೆ ಸಿಲಿಂಡರ್ ಒಳಗಿನ ಉರಿ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎರಡೂ ಸೇರಿ ನೈಟ್ರೋಜನ್ ಆಕ್ಸೈಡ್ ಆಗತೊಡಗುತ್ತವೆ. ಗ್ಯಾರೇಜಿನಲ್ಲಿ ಇದನ್ನು ನಾಕ್ಸ್ ಅನ್ನುತ್ತಾರೆ. ಶ್ವಾಸಕೋಶಕ್ಕೆ ಕೆಟ್ಟದ್ದು, ಬಿಸಿಲಿನಲ್ಲಿ ಓಝೋನ್ ಹುಟ್ಟಲು ಕಾರಣವಾಗುವಂಥದ್ದು. ಉರಿಯ ಬಿಸಿ ಏರಿದ ಹಾಗೆಲ್ಲ ನಾಕ್ಸ್ ವಿಪರೀತ ಹೆಚ್ಚುತ್ತದೆ.

ಹಾಗಾದರೆ ಆ ಉರಿಯನ್ನು ಸ್ವಲ್ಪ ತಗ್ಗಿಸಬೇಕು. ಕೆಂಡದ ಮೇಲೆ ಬೂದಿ ಎಳೆದರೆ ಅದು ಆರುವುದಿಲ್ಲ, ಝಳ ಮಾತ್ರ ಕಡಿಮೆಯಾಗುತ್ತದೆ. ಒಮ್ಮೆ ಉರಿದ ಹೊಗೆ ಇಲ್ಲಿ ಬೂದಿಯ ಕೆಲಸ ಮಾಡುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ. ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ ಜಾಸ್ತಿ, ಇವೆರಡೂ ಶಾಖವನ್ನು ಚೆನ್ನಾಗಿ ಹೀರಿಕೊಳ್ಳುತ್ತವೆ. ಹೀಗಾಗಿ ಉರಿಯ ತುದಿ ಬಿಸಿ ಇಳಿಯುತ್ತದೆ, ನಾಕ್ಸ್ ಕೂಡ ಇಳಿಯುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ಮಸಿ. ಆಮ್ಲಜನಕ ಕಡಿಮೆಯಾದ ಕಡೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಮುಸುಕು ಹೊದ್ದು ಮಲಗಿ, ಬಿಟ್ಟ ಉಸಿರನ್ನೇ ಎಳೆದುಕೊಂಡರೆ ಸ್ವಲ್ಪ ಹೊತ್ತಿಗೆ ಉಸಿರು ಕಟ್ಟುತ್ತದಲ್ಲ, ಹಾಗೆ. ಎಷ್ಟು ಹೊಗೆ ಬಿಡಬೇಕು, ಯಾವಾಗ ಬಿಡಬೇಕು ಎನ್ನುವ ಲೆಕ್ಕ ಅದಕ್ಕೇ ಮುಖ್ಯ. ಇಂಜಿನ್ ತಣ್ಣಗಿದ್ದಾಗ, ಚಾಲಕ ಒಮ್ಮೆಲೇ ಆಕ್ಸಿಲರೇಟರ್ ತುಳಿದಾಗ ಇಂಜಿನ್ ನಡೆಸುವ ಕಂಪ್ಯೂಟರ್ ಸಾಮಾನ್ಯವಾಗಿ ಇಜಿಆರ್ ಮುಚ್ಚುತ್ತದೆ, ಇಲ್ಲವೇ ಕಡಿಮೆ ಮಾಡುತ್ತದೆ. ಒಂದೇ ವೇಗದಲ್ಲಿ ಹದವಾಗಿ ಓಡುವಾಗ ಜಾಸ್ತಿ ತೆರೆಯುತ್ತದೆ.

ಪೆಟ್ರೋಲ್ ಕಾರುಗಳಲ್ಲಿ ಇದು 1970ರ ದಶಕದಿಂದಲೇ ಇದೆ. ಭಾರಿ ಲಾರಿಗಳಿಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 2000ದ ನಂತರ. ಅಮೆರಿಕದಲ್ಲಿ 2002ರ ಹೊತ್ತಿಗೆ ನಾಕ್ಸ್ ನಿಯಮ ಬಿಗಿಯಾದಾಗ ಅಲ್ಲಿನ ಹೆಚ್ಚಿನ ತಯಾರಕರು ಹೊಗೆ ತಣಿಸುವ ಕೂಲರ್ ಇರುವ ಇಜಿಆರ್ ಹಿಡಿದರು.

ಹೊಗೆ ಸಾಗುವ ದಾರಿ

ಸಿಲಿಂಡರ್‌ನಿಂದ ಹೊರಬಿದ್ದ ಹೊಗೆ ಟರ್ಬೊಗೆ (ಹೊಗೆಯ ರಭಸದಿಂದ ತಿರುಗಿ ಇಂಜಿನ್‌ಗೆ ಗಾಳಿ ಒತ್ತುವ ಯಂತ್ರ) ಹೋಗುವ ಮೊದಲೇ ಒಂದು ಪೈಪ್ ಕವಲೊಡೆಯುತ್ತದೆ. ಅಲ್ಲಿಂದ ಹೊಗೆ ಕೂಲರ್‌ಗೆ ಹೋಗುತ್ತದೆ. ಕೂಲರ್ ಅಂದರೆ ತೆಳು ಕೊಳವೆಗಳ ಪೆಟ್ಟಿಗೆ. ಒಳಗೆ ಹೊಗೆ, ಹೊರಗೆ ಇಂಜಿನ್ ತಣಿಸುವ ದ್ರವ, ಅಂದರೆ ಕೂಲೆಂಟ್. ನೂರಾರು ಡಿಗ್ರಿಯ ಹೊಗೆ ಇಲ್ಲಿ ತಣಿದು ಹೊರಬರುತ್ತದೆ. ದಾರಿಯನ್ನು ತೆರೆದು ಮುಚ್ಚುವ ಬಾಗಿಲೇ ಇಜಿಆರ್ ವಾಲ್ವ್. ಕೆಲವು ಇಂಜಿನ್‌ಗಳಲ್ಲಿ ಅದು ಕೂಲರ್‌ಗೆ ಮೊದಲು ಇರುತ್ತದೆ, ಕೆಲವದರಲ್ಲಿ ನಂತರ. ಕೊನೆಗೆ ಹೊಗೆ ಹೊಸ ಗಾಳಿಯೊಂದಿಗೆ ಬೆರೆತು ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಸೇರುತ್ತದೆ.

ದಾರಿಯುದ್ದಕ್ಕೂ ಕಾವಲುಗಾರರಿದ್ದಾರೆ. ಬಾಗಿಲು ಎಷ್ಟು ತೆರೆದಿದೆ ಎಂದು ಹೇಳಲು ಒಂದು ಸೆನ್ಸರ್, ಹೊಗೆಯ ಬಿಸಿ ಹೇಳಲು ಇನ್ನೊಂದು. ಎಷ್ಟು ಹೊಗೆ ಹರಿಯುತ್ತಿದೆ ಎಂದು ಅಳೆಯಲು ಹಲವು ಇಂಜಿನ್‌ಗಳಲ್ಲಿ ಡೆಲ್ಟಾ ಪ್ರೆಶರ್ ಸೆನ್ಸರ್ ಇರುತ್ತದೆ. ಪೈಪಿನ ಒಂದು ಕಿರಿದಾದ ಜಾಗದ ಎರಡು ಕಡೆಯ ಒತ್ತಡದ ವ್ಯತ್ಯಾಸ ನೋಡಿ ಅದು ಹರಿವನ್ನು ಲೆಕ್ಕ ಹಾಕುತ್ತದೆ.

ಈಗ ಸ್ವಲ್ಪ ನಿಧಾನವಾಗಿ ಓದಬೇಕಾದ ವಿಷಯ. ಬಾಗಿಲು ತೆರೆದ ಮಾತ್ರಕ್ಕೆ ಹೊಗೆ ಹರಿಯುವುದಿಲ್ಲ. ನೀರು ಎತ್ತರದಿಂದ ತಗ್ಗಿಗೆ ಹರಿಯುವ ಹಾಗೆ, ಹೊಗೆಯೂ ಜಾಸ್ತಿ ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಹೋಗಬೇಕು. ಆದರೆ ಇಂಟೇಕ್ ಕಡೆ ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತಿರುತ್ತದೆ, ಅಲ್ಲಿಯೂ ಒತ್ತಡ ಜಾಸ್ತಿಯೇ. ಹೊಗೆ ಒಳಗೆ ನುಗ್ಗಬೇಕಾದರೆ ಎಕ್ಸಾಸ್ಟ್, ಅಂದರೆ ಹೊಗೆ ಹೊರಬರುವ ಕಡೆಯ ಒತ್ತಡ ಅದನ್ನೂ ಮೀರಬೇಕು. ಅನೇಕ ಲಾರಿಗಳಲ್ಲಿ ಈ ಕೆಲಸ ಮಾಡುವುದು ರೆಕ್ಕೆ ಹೊಂದಿಸಬಲ್ಲ ಟರ್ಬೊ, ಅಂದರೆ ವಿಜಿಟಿ. ರೆಕ್ಕೆಗಳನ್ನು ಕಿರಿದು ಮಾಡಿ ಅದು ಹೊಗೆಯನ್ನು ತಡೆಯುತ್ತದೆ, ಹಿಂದೆ ಒತ್ತಡ ಏರುತ್ತದೆ. ಕೆಲವು ಇಂಜಿನ್‌ಗಳಲ್ಲಿ ಇಂಟೇಕ್ ಕಡೆ ಒಂದು ಥ್ರಾಟಲ್ ಫ್ಲ್ಯಾಪ್ ಇಟ್ಟು ಅಲ್ಲಿನ ಒತ್ತಡ ಇಳಿಸುತ್ತಾರೆ.

ಅಂದರೆ ಟರ್ಬೊ ರೆಕ್ಕೆ ಮಸಿ ಹಿಡಿದು ಕಿರಿದಾಗದೆ ಸಿಕ್ಕಿಕೊಂಡಿದ್ದರೆ, ವಾಲ್ವ್ ಹೊಸದಾಗಿ ಫಳಫಳ ಹೊಳೆಯುತ್ತಿದ್ದರೂ ಇಜಿಆರ್ ಹರಿವು ಕಡಿಮೆ ಎಂಬ ಕೋಡ್ ಬರುತ್ತದೆ. ಮೊದಲು ಹೇಳಿದ ಕತೆಯಲ್ಲಿ ದೀಪ ಮತ್ತೆ ಹತ್ತಿದ್ದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಕೆಟ್ಟಾಗ ಲಾರಿ ಹೇಗೆ ವರ್ತಿಸುತ್ತದೆ?

ವಾಲ್ವ್ ತೆರೆದೇ ಉಳಿದರೆ ಚಾಲಕನಿಗೆ ಬೇಗ ಗೊತ್ತಾಗುತ್ತದೆ. ಬೇಡದ ಹೊತ್ತಿನಲ್ಲೂ ಹೊಗೆ ಒಳಗೆ ಬರುತ್ತದೆ. ಪಿಕಪ್ ಇಲ್ಲ, ಕಪ್ಪು ಹೊಗೆ, ನಿಂತಲ್ಲೇ ಓಡುವಾಗ ಇಂಜಿನ್ ತಡವರಿಸುವುದು, ಡೀಸೆಲ್ ಖರ್ಚು. ಒಂದು ವಿಷಯ ನೆನಪಿರಲಿ: ಡಿಪಿಎಫ್ ಇರುವ ಲಾರಿಯಲ್ಲಿ ಕಪ್ಪು ಹೊಗೆ ಹೊರಗೆ ಕಾಣುವುದೇ ಇಲ್ಲ. ಡಿಪಿಎಫ್ ಅಂದರೆ ಮಸಿ ಹಿಡಿಯುವ ಫಿಲ್ಟರ್. ಮಸಿಯೆಲ್ಲ ಅಲ್ಲಿ ಕೂರುತ್ತದೆ, ಅದನ್ನು ಸುಡುವ ರೀಜನ್ ಪದೇ ಪದೇ ಆಗುತ್ತದೆ. "ಮೊದಲಿಗಿಂತ ಬೇಗ ಬೇಗ ರೀಜನ್ ಕೇಳುತ್ತಿದೆ" ಎಂದು ಚಾಲಕ ಹೇಳಿದರೆ ಅದು ಕಪ್ಪು ಹೊಗೆಯ ದೂರಿಗೆ ಸಮ.

ವಾಲ್ವ್ ಮುಚ್ಚಿಯೇ ಉಳಿದರೆ ಹೆಚ್ಚಾಗಿ ಏನೂ ಅನಿಸುವುದಿಲ್ಲ. ಗಾಡಿ ಚೆನ್ನಾಗಿಯೇ ಎಳೆಯಬಹುದು. ದೀಪ ಮಾತ್ರ ಹತ್ತುತ್ತದೆ, ನಾಕ್ಸ್ ಏರಿದ್ದನ್ನು ಕಂಪ್ಯೂಟರ್ ಕಂಡರೆ ಕೊನೆಗೆ ಅದೇ ಇಂಜಿನ್‌ನ ಶಕ್ತಿ ತಗ್ಗಿಸುತ್ತದೆ.

ಇನ್ನು ಕೂಲರ್. ಅದು ಮಸಿ ತುಂಬಿ ಕಟ್ಟಿಕೊಳ್ಳಬಹುದು, ಇಲ್ಲವೇ ಒಳಗೆ ಬಿರುಕು ಬಿಟ್ಟು ಕೂಲೆಂಟ್ ಸೋರಬಹುದು. ಎರಡನೆಯದು ಅಪಾಯದ್ದು. ಅದರ ಬಗ್ಗೆ ಮುಂದೆ ಪ್ರತ್ಯೇಕವಾಗಿ ನೋಡೋಣ.

ಕೋಡ್ ಎಷ್ಟು ಹೇಳುತ್ತದೆ?

ಬಾಗಿಲ ಬಳಿ ನಾಯಿ ಬೊಗಳಿದರೆ ಯಾರೋ ಬಂದರು ಎಂದು ತಿಳಿಯುತ್ತದೆ. ಯಾರು ಬಂದರು ಎಂದು ಎದ್ದು ಹೋಗಿ ನಾವೇ ನೋಡಬೇಕು. ಕೋಡ್ ಕೂಡ ಅಷ್ಟೇ.

ಹಗುರ ವಾಹನಗಳ ಮಾದರಿಯ ಕೋಡ್‌ಗಳಲ್ಲಿ ಪಿ0401 ಅಂದರೆ ಇಜಿಆರ್ ಹರಿವು ಸಾಲದು, ಪಿ0402 ಅಂದರೆ ಹರಿವು ಜಾಸ್ತಿ, ಪಿ0403 ಅಂದರೆ ವಾಲ್ವ್ ನಡೆಸುವ ವಿದ್ಯುತ್ ಸರ್ಕ್ಯೂಟ್ ತೊಂದರೆ. ಪಿ0405 ಮತ್ತು ಪಿ0406 ಸೆನ್ಸರ್ ಸಿಗ್ನಲ್ ತೀರ ಕಡಿಮೆ ಅಥವಾ ತೀರ ಜಾಸ್ತಿ ಎಂದು ಹೇಳುತ್ತವೆ. ಭಾರಿ ಲಾರಿಗಳಲ್ಲಿ ಎರಡು ಸಂಖ್ಯೆ ಒಟ್ಟಿಗೆ ಬರುತ್ತವೆ. ಎಸ್‌ಪಿಎನ್ ಯಾವ ಭಾಗ ಎಂದು ಹೇಳುತ್ತದೆ, ಎಫ್‌ಎಂಐ ಯಾವ ಬಗೆಯ ದೋಷ ಎಂದು ಹೇಳುತ್ತದೆ. ಎಸ್‌ಪಿಎನ್ 27 ವಾಲ್ವ್‌ನ ಸ್ಥಾನ, 411 ಡೆಲ್ಟಾ ಪ್ರೆಶರ್, 412 ಇಜಿಆರ್ ಹೊಗೆಯ ಬಿಸಿ, 2659 ಹರಿವಿನ ಪ್ರಮಾಣ.

ಎಷ್ಟೋ ಜನ ಮೊದಲ ಸಂಖ್ಯೆ ನೋಡಿ ನಿಲ್ಲಿಸಿಬಿಡುತ್ತಾರೆ. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಉಪಯೋಗದ್ದು. ಎಫ್‌ಎಂಐ 3 ಅಥವಾ 4 ಬಂದರೆ ವೋಲ್ಟೇಜ್ ಏರುಪೇರು, 5 ಬಂದರೆ ಕರೆಂಟ್ ಕಡಿಮೆ ಅಥವಾ ವೈರ್ ತುಂಡಾಗಿದೆ. ಅಂದರೆ ವೈರಿಂಗ್ ಕಡೆ ಹೋಗಿ. 7 ಬಂದರೆ ಯಂತ್ರಭಾಗ ಹೇಳಿದ ಹಾಗೆ ಕದಲುತ್ತಿಲ್ಲ. 18 ಬಂದರೆ ಅಳತೆ ಸರಿಯಾಗಿಯೇ ಇದೆ, ಆದರೆ ಇರಬೇಕಾದ್ದಕ್ಕಿಂತ ಕಡಿಮೆ. ಭಾಗ ಒಂದೇ ಆದರೂ ಹಿಡಿಯಬೇಕಾದ ದಾರಿ ಬೇರೆ ಬೇರೆ.

ಕೋಡ್ ಅಳಿಸುವ ಮುನ್ನ ಎಲ್ಲ ಕೋಡ್‌ಗಳನ್ನೂ ಬರೆದುಕೊಳ್ಳಬೇಕು, ಫ್ರೀಜ್ ಫ್ರೇಮ್ ಕೂಡ. ದೋಷ ಕಂಡ ಕ್ಷಣದಲ್ಲಿ ಇಂಜಿನ್ ಎಷ್ಟು ವೇಗದಲ್ಲಿತ್ತು, ಎಷ್ಟು ಬಿಸಿ ಇತ್ತು, ಎಷ್ಟು ಹೊರೆ ಎಳೆಯುತ್ತಿತ್ತು ಎಂಬ ಚಿತ್ರ ಅದರಲ್ಲಿರುತ್ತದೆ. ಸುಮ್ನೆ ಅಳಿಸಿಬಿಟ್ಟರೆ ಸಾಕ್ಷಿ ಹೋಯಿತು. ಟರ್ಬೊ, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಅಥವಾ ಡಿಪಿಎಫ್ ಕೋಡ್ ಜೊತೆಯಲ್ಲಿದ್ದರೆ ಅದನ್ನು ಮೊದಲು ನೋಡುವುದು ಜಾಣತನ.

ಸ್ಪ್ಯಾನರ್ ಹಿಡಿಯುವ ಮುನ್ನ ಮಾಡುವ ಪರೀಕ್ಷೆಗಳು

ಖರ್ಚಿಲ್ಲದ ಪರೀಕ್ಷೆ ಮೊದಲು. ರಾತ್ರಿಯಿಡೀ ನಿಂತು ತಣ್ಣಗಾದ ಲಾರಿಗೆ ಬೆಳಿಗ್ಗೆ ಕೀ ಆನ್ ಮಾಡಿ. ಸ್ಟಾರ್ಟ್ ಮಾಡಬೇಡಿ. ಸ್ಕ್ಯಾನರ್‌ನಲ್ಲಿ ಎಲ್ಲ ಸೆನ್ಸರ್‌ಗಳ ಅಂಕಿ ನೋಡಿ. ಇಡೀ ಇಂಜಿನ್ ಒಂದೇ ಬಿಸಿಯಲ್ಲಿದೆ, ಹಾಗಾಗಿ ಕೂಲೆಂಟ್, ಇಂಟೇಕ್ ಗಾಳಿ, ಇಜಿಆರ್ ಹೊಗೆ ಇವುಗಳ ಅಂಕಿಗಳೆಲ್ಲ ಹತ್ತಿರ ಹತ್ತಿರ ಇರಬೇಕು. ಒಂದೇ ಒಂದು ಉಳಿದವುಗಳಿಗಿಂತ 30 ಡಿಗ್ರಿ ಮೇಲೆ ಹೋಗಿ ಕೂತಿದ್ದರೆ ಆ ಸೆನ್ಸರ್ ಸುಳ್ಳು ಹೇಳುತ್ತಿದೆ. ಒತ್ತಡದ್ದೂ ಹೀಗೆಯೇ. ಇಂಜಿನ್ ನಿಂತಿರುವಾಗ ಹರಿವೇ ಇಲ್ಲ, ಡೆಲ್ಟಾ ಪ್ರೆಶರ್ ಸೊನ್ನೆ ತೋರಿಸಬೇಕು. ಬೂಸ್ಟ್ ಸೆನ್ಸರ್ ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು, ಸಮುದ್ರಮಟ್ಟದಲ್ಲಾದರೆ ಸುಮಾರು 101 ಕಿಲೋಪಾಸ್ಕಲ್. ಕೆಲವು ಸ್ಕ್ಯಾನರ್‌ಗಳು ವಾತಾವರಣದ ಒತ್ತಡ ಕಳೆದು ಸೊನ್ನೆ ಎಂದು ತೋರಿಸುತ್ತವೆ, ಅದೂ ಸರಿಯೇ.

ಐದು ನಿಮಿಷದ ಈ ಪರೀಕ್ಷೆ ಎಷ್ಟೋ ವಾಲ್ವ್‌ಗಳನ್ನು ಉಳಿಸಬಲ್ಲದು. ಡೆಲ್ಟಾ ಪ್ರೆಶರ್ ಸೆನ್ಸರ್‌ಗೆ ಹೋಗುವ ಸಣ್ಣ ಕೊಳವೆಗಳಲ್ಲಿ ಮಸಿ ಕಟ್ಟಿಕೊಳ್ಳುವುದು ತೀರ ಸಾಮಾನ್ಯ. ಹೊಗೆ ಚೆನ್ನಾಗಿಯೇ ಹರಿಯುತ್ತಿರುತ್ತದೆ, ಅಳೆಯುವವನ ಕಣ್ಣು ಮುಚ್ಚಿರುತ್ತದೆ ಅಷ್ಟೇ.

ಮುಂದೆ ಕಣ್ಣು ಕಿವಿಯ ಕೆಲಸ. ಹೋಸ್‌ಗಳ ಕ್ಲ್ಯಾಂಪ್, ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್‌ನ ಕೂಡುಜಾಗಗಳಲ್ಲಿ ಎಣ್ಣೆ ಹನಿ, ಎಕ್ಸಾಸ್ಟ್ ಕಡೆ ಕಪ್ಪು ಗೀರು, ಉಜ್ಜಿಹೋದ ವೈರ್, ಏರ್ ಫಿಲ್ಟರ್.

ನಂತರ ಇಂಜಿನ್ ಬಿಸಿ ಮಾಡಿ ಲೈವ್ ಡೇಟಾ, ಅಂದರೆ ಓಡುವಾಗಲೇ ಸ್ಕ್ಯಾನರ್ ತೋರಿಸುವ ಅಂಕಿಗಳನ್ನು ನೋಡಬೇಕು. ಇಲ್ಲಿ ಎರಡು ಸಾಲು ಮುಖ್ಯ: ಕಂಪ್ಯೂಟರ್ ಹೇಳಿದ ತೆರವು ಎಷ್ಟು, ವಾಲ್ವ್ ನಿಜವಾಗಿ ತೆರೆದದ್ದು ಎಷ್ಟು. ಸ್ಕ್ಯಾನರ್‌ನಿಂದಲೇ ವಾಲ್ವ್ ನಡೆಸಿ, ಸೊನ್ನೆ, ಅರ್ಧ, ಪೂರ್ತಿ ಎಂದು ಆಜ್ಞೆ ಕೊಡಬಹುದು. ಎರಡೂ ಸಾಲು ಜೊತೆಜೊತೆಗೆ ಹೋದರೆ ವಾಲ್ವ್ ಮಾತು ಕೇಳುತ್ತಿದೆ. ತಡವಾಗಿ ಬಂದರೆ ಅಥವಾ ನಡುವೆ ಒಂದೇ ಜಾಗದಲ್ಲಿ ನಿಂತರೆ ಮಸಿ ಹಿಡಿದಿದೆ. ಕದಲಲೇ ಇಲ್ಲವೆಂದರೆ ಮೋಟರ್ ಅಥವಾ ವೈರಿಂಗ್.

ವಾಲ್ವ್ ಮಾತು ಕೇಳುತ್ತಿದೆ, ಆದರೂ ಹರಿವು ಕಡಿಮೆ ಎಂಬ ಕೋಡ್ ಇದೆ ಅನ್ನಿ. ಆಗ ಇಜಿಆರ್ ಹೊಗೆಯ ಬಿಸಿ ನೋಡಿ. ವಾಲ್ವ್ ತೆರೆದಾಗ ಬಿಸಿ ಏರಬೇಕು, ಮುಚ್ಚಿದಾಗ ನಿಧಾನಕ್ಕೆ ಇಳಿಯಬೇಕು. ತೆರೆದರೂ ಬಿಸಿ ಏರದಿದ್ದರೆ ಹೊಗೆ ನಿಜವಾಗಿಯೂ ಬರುತ್ತಿಲ್ಲ, ಕೂಲರ್ ಕಟ್ಟಿರಬಹುದು ಅಥವಾ ಟರ್ಬೊ ಒತ್ತಡ ಕೊಡುತ್ತಿಲ್ಲ. ಬಿಸಿ ಚೆನ್ನಾಗಿ ಏರಿದರೆ ಹೊಗೆ ಬರುತ್ತಿದೆ, ಅನುಮಾನ ಡೆಲ್ಟಾ ಪ್ರೆಶರ್ ಸೆನ್ಸರ್ ಮೇಲೆ. ಬಿಸಿ ಮಿತಿಮೀರಿ ಏರಿದರೆ ಕೂಲರ್ ಒಳಗೆ ಮಸಿಯ ಪದರ ಕಂಬಳಿ ಹೊದಿಸಿದಂತೆ ಕೂತಿದೆ, ಹೊಗೆಯ ಶಾಖ ಕೂಲೆಂಟ್‌ಗೆ ದಾಟುತ್ತಿಲ್ಲ.

ವೈರಿಂಗ್ ಬಗ್ಗೆ ಒಂದು ಎಚ್ಚರ. ಮೀಟರ್ ಹಿಡಿದಾಗ ಪೂರ್ತಿ ವೋಲ್ಟ್ ತೋರಿಸಿದರೆ ವೈರ್ ಸರಿ ಇದೆ ಎಂದು ನಂಬಬಾರದು. ಒಳಗಿನ ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಮೀಟರ್‌ಗೆ ವೋಲ್ಟ್ ಪೂರ್ತಿಯೇ ಕಾಣುತ್ತದೆ. ಮೋಟರ್ ಕರೆಂಟ್ ಎಳೆದಾಗ ಮಾತ್ರ ಬಣ್ಣ ಬಯಲು. ಅದಕ್ಕೆ ವಾಲ್ವ್‌ನ ಪವರ್ ಮತ್ತು ಗ್ರೌಂಡ್ ವೈರ್‌ಗಳಿಗೆ ಒಂದು ಬಲ್ಬ್ ಸಿಕ್ಕಿಸಿ ನೋಡುತ್ತಾರೆ. ಮಂಕಾಗಿ ಉರಿದರೆ ದೋಷ ಅಲ್ಲಿದೆ. ಮೂರು ವೈರಿನ ಸೆನ್ಸರ್‌ನಲ್ಲಿ ಒಂದು 5 ವೋಲ್ಟ್, ಒಂದು ಗ್ರೌಂಡ್, ಒಂದು ಸಿಗ್ನಲ್. ಇಲ್ಲಿ ಬಲ್ಬ್ ಹಾಕುವಂತಿಲ್ಲ, ಮೀಟರ್ ಸಾಕು. ಹೊಸ ಇಂಜಿನ್‌ಗಳ ವಾಲ್ವ್ ಕ್ಯಾನ್ ಲೈನಿನ (ಕಂಪ್ಯೂಟರ್ ಮತ್ತು ಭಾಗಗಳು ಸಂದೇಶ ಕಳಿಸುವ ಜೋಡಿ ವೈರ್) ಮೇಲೆ ಮಾತಾಡುವಂಥದ್ದಾದರೆ, ಬ್ಯಾಟರಿ ಬಿಚ್ಚಿ ಆ ಎರಡು ವೈರ್‌ಗಳ ನಡುವೆ ಅಳೆದಾಗ ಸುಮಾರು 60 ಓಮ್ ಸಿಗಬೇಕು. ಲೈನಿನ ಎರಡು ತುದಿಗೂ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ; 120 ಸಿಕ್ಕರೆ ಒಂದು ತುದಿಯದ್ದು ಸಿಗುತ್ತಿಲ್ಲ, ಎಲ್ಲೋ ಲೈನ್ ಕಡಿದಿದೆ.

ಕಾಣದೆ ಕಡಿಮೆಯಾಗುವ ಕೂಲೆಂಟ್

ಕೂಲೆಂಟ್ ಆಗಾಗ ಹಾಕಬೇಕಾಗುತ್ತಿದೆ, ಕೆಳಗೆ ಒಂದು ಹನಿಯೂ ಬಿದ್ದಿಲ್ಲ. ಹಾಗಾದರೆ ಅದು ಇಂಜಿನ್ ಒಳಗೆಲ್ಲೋ ಹೋಗುತ್ತಿದೆ. ಇಂಥ ಲಾರಿಗೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೋರಿಕೆ ತಡೆಯುವ ಹಾಳೆ) ಹೋಗಿದೆ ಎಂದು ಇಂಜಿನ್ ಬಿಚ್ಚಿಬಿಡುವುದುಂಟು. ಇಜಿಆರ್ ಕೂಲರ್ ಬಿರುಕು ಬಿಟ್ಟರೂ ಲಕ್ಷಣಗಳು ಹೆಚ್ಚುಕಡಿಮೆ ಅವೇ.

ಇಂಜಿನ್ ಹೊರೆ ಎಳೆಯುವಾಗ ಹೊಗೆಯ ಒತ್ತಡ ಕೂಲೆಂಟ್ ಒತ್ತಡವನ್ನು ಮೀರುತ್ತದೆ. ಆಗ ಹೊಗೆ ಬಿರುಕಿನ ಮೂಲಕ ಕೂಲೆಂಟ್ ಒಳಗೆ ನುಗ್ಗುತ್ತದೆ. ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತದೆ, ಹೋಸ್‌ಗಳು ಕಲ್ಲಿನಂತೆ ಬಿಗಿಯುತ್ತವೆ, ಮುಚ್ಚಳದಿಂದ ಕೂಲೆಂಟ್ ಉಕ್ಕುತ್ತದೆ. ಇಂಜಿನ್ ನಿಲ್ಲಿಸಿದ ಮೇಲೆ ಆಟ ತಿರುಗುಮುರುಗು. ಹೊಗೆಯ ಒತ್ತಡ ಸೊನ್ನೆ, ಕೂಲೆಂಟ್ ಇನ್ನೂ ಒತ್ತಡದಲ್ಲಿದೆ. ಈಗ ಕೂಲೆಂಟ್ ಹೊಗೆಯ ದಾರಿಗೆ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ದಟ್ಟ ಬಿಳಿ ಹೊಗೆ, ಸಿಹಿ ವಾಸನೆ.

ಜಾಸ್ತಿ ಸೋರಿ ಸಿಲಿಂಡರ್ ಒಳಗೆ ತುಂಬಿದರೆ ಕತೆ ಮುಗಿದಂತೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ದ್ರವವನ್ನು ಆಗುವುದಿಲ್ಲ. ಪಿಸ್ಟನ್ ಮೇಲೆ ಬಂದಾಗ ಅದನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೂಲೆಂಟ್ ಒಮ್ಮೆಲೇ ತುಂಬಾ ಇಳಿದಿದ್ದು ಕಂಡರೆ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ನನ್ನು ಕರೆಸುವುದೇ ಸರಿ.

ಟ್ಯಾಂಕಿನ ಮೇಲೆ ನೀಲಿ ದ್ರವದ ಟೆಸ್ಟರ್ ಇಟ್ಟು, ಅದು ಹಳದಿಗೆ ತಿರುಗಿದರೆ ಕೂಲೆಂಟ್‌ನಲ್ಲಿ ಹೊಗೆ ಇದೆ ಎಂದು ಹೇಳುತ್ತಾರೆ. ಅದು ನಿಜವೇ. ಆದರೆ ಆ ಹೊಗೆ ಗ್ಯಾಸ್ಕೆಟ್‌ನಿಂದ ಬಂತೋ ಕೂಲರ್‌ನಿಂದ ಬಂತೋ ಎಂದು ಅದು ಹೇಳಲಾರದು. ಇವೆರಡನ್ನೂ ಬೇರೆ ಮಾಡಲು ಇಜಿಆರ್ ಪೈಪ್ ಬಿಚ್ಚಿ, ಕೂಲಿಂಗ್ ವ್ಯವಸ್ಥೆಗೆ ಕೈಪಂಪಿನಿಂದ ಒತ್ತಡ ಕೊಟ್ಟು, ಕೂಲರ್‌ನ ಹೊಗೆ ಬಾಯಲ್ಲಿ ಹಸಿ ಕಾಣುತ್ತದೆಯೇ ನೋಡಬೇಕು. ಸಣ್ಣ ಬಿರುಕಾದರೆ ರಾತ್ರಿಯಿಡೀ ಒತ್ತಡದಲ್ಲಿ ಬಿಡಬೇಕಾಗಬಹುದು. ಇನ್ನೂ ಅನುಮಾನವಿದ್ದರೆ ಕೂಲರ್ ಬಿಚ್ಚಿ, ಬಾಯಿಗಳನ್ನು ಮುಚ್ಚಿ, ಬಿಸಿನೀರಿನಲ್ಲಿ ಮುಳುಗಿಸಿ ಗಾಳಿ ಕೊಡುತ್ತಾರೆ. ಪಂಕ್ಚರ್ ಹುಡುಕುವ ಹಾಗೆ. ಬಿಸಿನೀರು ಏಕೆಂದರೆ ಕೆಲವು ಬಿರುಕುಗಳು ಲೋಹ ಹಿಗ್ಗಿದಾಗ ಮಾತ್ರ ಬಾಯಿ ಬಿಡುತ್ತವೆ. ಗಾಳಿಯ ಒತ್ತಡ ತಯಾರಕರು ಹೇಳಿದ್ದನ್ನು ಮೀರಬಾರದು. ಬಿಸಿ ಇಂಜಿನ್‌ನ ಟ್ಯಾಂಕ್ ಮುಚ್ಚಳ ತೆರೆಯುವ ಸಾಹಸವಂತೂ ಬೇಡವೇ ಬೇಡ.

ಕೂಲರ್ ಬಿರುಕು ಬಿಡಲು ದೊಡ್ಡ ಕಾರಣ ಕೂಲೆಂಟ್ ಕೊರತೆ. ಕೊಳವೆಯ ಒಂದು ಭಾಗಕ್ಕೆ ಕೂಲೆಂಟ್ ಸಿಗದೆ ಅದು ಸುಡುತ್ತದೆ, ಪಕ್ಕದ ಭಾಗ ತಣ್ಣಗಿರುತ್ತದೆ, ಬೆಸುಗೆ ಬಿಡುತ್ತದೆ. ಹೊಸ ಕೂಲರ್ ಹಾಕುವಾಗ ವ್ಯವಸ್ಥೆಯಲ್ಲಿ ಗಾಳಿ ಉಳಿಯದಂತೆ ತುಂಬದಿದ್ದರೆ ಅದಕ್ಕೂ ಇದೇ ಗತಿ.

ಇಷ್ಟು ಮಸಿ ಎಲ್ಲಿಂದ ಬಂತು?

ಒಣ ಮಸಿ ಅಷ್ಟು ತೊಂದರೆ ಕೊಡುವುದಿಲ್ಲ, ಹಾರಿ ಹೋಗುತ್ತದೆ. ಅದಕ್ಕೆ ಎಣ್ಣೆಯ ಆವಿ, ತೇವ ಸೇರಿದಾಗ ಟಾರಿನಂತೆ ಅಂಟುತ್ತದೆ. ಗಂಟೆಗಟ್ಟಲೆ ನಿಂತಲ್ಲೇ ಇಂಜಿನ್ ಓಡಿಸುವುದು, ಪೂರ್ತಿ ಬಿಸಿಯಾಗದಷ್ಟು ಚಿಕ್ಕ ಓಡಾಟ, ಕೂಲೆಂಟ್ ಹರಿವನ್ನು ಬಿಸಿಗೆ ತಕ್ಕಂತೆ ತಡೆಯುವ ಥರ್ಮೋಸ್ಟಾಟ್ ತೆರೆದೇ ಉಳಿದು ಇಂಜಿನ್ ತಣ್ಣಗಿರುವುದು, ಇವೆಲ್ಲ ಇದಕ್ಕೆ ದಾರಿ. ಸೋರುವ ಇಂಜೆಕ್ಟರ್ (ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಭಾಗ), ಬೂಸ್ಟ್ ಗಾಳಿ ಬಿಡುವ ಹೋಸ್, ಎಣ್ಣೆ ಬಿಡುವ ಟರ್ಬೊ ಇನ್ನೊಂದು ಕಡೆಯಿಂದ ಮಸಿ ಮತ್ತು ಎಣ್ಣೆಯನ್ನು ಸರಬರಾಜು ಮಾಡುತ್ತವೆ.

ವಾಲ್ವ್ ಬಿಚ್ಚಿದಾಗ ಒಳಗೆ ಏನು ಕಂಡಿತು ಎಂದು ಮೆಕ್ಯಾನಿಕ್‌ನನ್ನು ಕೇಳಿ, ಸಾಧ್ಯವಾದರೆ ನೀವೇ ನೋಡಿ. ಒಣ ಕಪ್ಪು ಪುಡಿಯೇ ತುಂಬಾ ಇದ್ದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಜಾಸ್ತಿಯಾಗಿದೆ. ಜಿಡ್ಡುಜಿಡ್ಡಾಗಿದ್ದರೆ ಎಣ್ಣೆಯ ಮೂಲ ಹುಡುಕಬೇಕು. ಬಿಳಿ ಪದರ ಅಥವಾ ತೊಳೆದಿಟ್ಟಂತೆ ಒಂದು ಜಾಗ ಮಾತ್ರ ಸ್ವಚ್ಛವಾಗಿದ್ದರೆ ಅಲ್ಲಿ ಕೂಲೆಂಟ್ ಹರಿದಿದೆ.

ಸಿಕ್ಕಿಕೊಂಡ ವಾಲ್ವ್ ಅನ್ನು ಮಸಿ ಕರಗಿಸುವ ದ್ರವ ಹಾಕಿ ಮೆತ್ತಗೆ ತೊಳೆಯಬಹುದು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಒಳಗಿನ ಪ್ಲಾಸ್ಟಿಕ್ ಗೇರ್ ಮುರಿಯಬಹುದು. ಮೋಟರ್ ಮತ್ತು ಸೆನ್ಸರ್ ಇರುವ ಕಡೆ ದ್ರವ ಹೋಗಬಾರದು. ಬ್ಯಾಟರಿ ಜೋಡಿಸಿರುವಾಗ ಬಾಗಿಲಿಗೆ ಬೆರಳು ಇಡಬಾರದು, ಅದು ಹೇಳದೆ ಕೇಳದೆ ಮುಚ್ಚಿಕೊಳ್ಳುತ್ತದೆ.

ಇಜಿಆರ್ ಮುಚ್ಚಿಬಿಟ್ಟರೆ ಆಗಲ್ವಾ?

ತಗಡು ಇಟ್ಟು ದಾರಿ ಮುಚ್ಚುವುದು, ಸಾಫ್ಟ್‌ವೇರ್‌ನಲ್ಲಿ ಇಜಿಆರ್ ತೆಗೆದುಹಾಕುವುದು ಹಲವು ಕಡೆ ನಡೆಯುತ್ತದೆ. ಹೊಗೆ ನಿಯಮವಿರುವ ದೇಶಗಳಲ್ಲಿ ಇದು ಸಾಮಾನ್ಯವಾಗಿ ಕಾನೂನುಬಾಹಿರ. ತಗಡು ಇಟ್ಟರೆ ಹರಿವಿಲ್ಲ ಎಂಬ ಕೋಡ್ ಬಂದು ಕಂಪ್ಯೂಟರ್ ಶಕ್ತಿ ತಗ್ಗಿಸುತ್ತದೆ. ಎಸ್‌ಸಿಆರ್ ಕೂಡ ಇರುವ ಲಾರಿಯಲ್ಲಿ, ಅಂದರೆ ಯೂರಿಯಾ ದ್ರವ ಸಿಂಪಡಿಸಿ ನಾಕ್ಸ್ ಇಳಿಸುವ ಲಾರಿಯಲ್ಲಿ, ಅದರ ಮೇಲಿನ ಹೊರೆಯೂ ಏರುತ್ತದೆ. ಹೆಚ್ಚಿನ ನಾಕ್ಸ್ ಮಾತ್ರ ರಸ್ತೆಯಲ್ಲಿರುವವರೆಲ್ಲರ ಮೂಗಿಗೆ.

ರಿಪೇರಿ ಆದ ಮೇಲೆ

ಹೊಸ ವಾಲ್ವ್ ಆಗಲಿ ತೊಳೆದದ್ದಾಗಲಿ, ಹೊಸ ಗ್ಯಾಸ್ಕೆಟ್ ಹಾಕಿಯೇ ಕೂರಿಸಬೇಕು. ಹೆಚ್ಚಿನ ಇಂಜಿನ್‌ಗಳಲ್ಲಿ ಪೂರ್ತಿ ಮುಚ್ಚಿದ ಜಾಗ ಯಾವುದು ಎಂದು ಕಂಪ್ಯೂಟರ್‌ಗೆ ಮತ್ತೆ ಕಲಿಸಬೇಕಾಗುತ್ತದೆ. ಈ ಹೆಜ್ಜೆ ಮರೆತರೆ ಸರಿಯಾದ ವಾಲ್ವ್ ಕೂಡ ತಪ್ಪು ಅಂಕಿ ತೋರಿಸುತ್ತದೆ. ಡಿಪಿಎಫ್‌ನಲ್ಲಿ ಕೂತಿರುವ ಹಳೆಯ ಮಸಿಯನ್ನೂ ಒಮ್ಮೆ ಸುಟ್ಟು ಖಾಲಿ ಮಾಡಬೇಕು.

ಅಂಗಳದಲ್ಲಿ ಸ್ಟಾರ್ಟ್ ಮಾಡಿ ದೀಪ ಆರಿತೆಂದು ಕೀ ಕೊಟ್ಟರೆ ಒಪ್ಪಬೇಡಿ. ಇಜಿಆರ್ ಪರೀಕ್ಷೆ ಆಗುವುದು ಇಂಜಿನ್ ಬಿಸಿಯಾಗಿ ಹೊರೆ ಎಳೆಯುವಾಗ. ಕೋಡ್ ಬಂದಿದ್ದ ಅದೇ ವೇಗ, ಅದೇ ಹೊರೆಯಲ್ಲಿ ಓಡಿಸಿ, ಹೇಳಿದ ತೆರವು ಮತ್ತು ಆದ ತೆರವು ಒಟ್ಟಿಗೆ ಹೋಗುತ್ತಿವೆಯೇ ನೋಡಬೇಕು. ಮೊದಲು ಬರೆದಿಟ್ಟ ಫ್ರೀಜ್ ಫ್ರೇಮ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೂಲರ್ ಬದಲಿಸಿದ್ದರೆ ಕೂಲೆಂಟ್ ಟ್ಯಾಂಕಿನ ಮಟ್ಟಕ್ಕೆ ಒಂದು ಚೂರು ಟೇಪ್ ಅಂಟಿಸಿ, ಮಾರನೆಯ ಬೆಳಿಗ್ಗೆ ತಣ್ಣಗಿರುವಾಗ ಮತ್ತೆ ನೋಡಿ.